ಚಿತ್ರದ ಕೆಳಗಿನ ಹೆಸರು

ಗೌರಿ ಹಬ್ಬಕ್ಕೆ ಬಂದ ನನ್ನ ತಂಗಿಯ ಮಗಳು ಸುಮಾ, ಬಾಗಿನದ ಮೊರಗಳನ್ನು ಎತ್ತಿಡುವುದರೊಳಗೆ ಊಟದ ಮೇಜಿನ ಮೇಲೆ ಒಂದು ಡಬ್ಬಿ ತೆರೆದು, ಇಸ್ಪೀಟು ಎಲೆಗಿಂತ ಉದ್ದವಾದ ಕಾರ್ಡುಗಳನ್ನು ಹರಡಿದಳು. ಹಬ್ಬದ ದಿನ ಮನೆಯಲ್ಲಿ ಇಸ್ಪೀಟೇ ಎಂದು ನಮ್ಮ ಅತ್ತೆಯವರು ಒಳಗಿನಿಂದಲೇ ಗೊಣಗಿದರು. "ಇಸ್ಪೀಟಲ್ಲ ಅಜ್ಜಿ, ಟ್ಯಾರೋ" ಎಂದಳು ಅವಳು. ಈ ಉತ್ತರದಿಂದ ಅತ್ತೆಯವರಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

ಸುಮಾ ಬೆಂಗಳೂರಿನಲ್ಲಿ ಚಿತ್ರ ಬರೆದು ಬದುಕುವವಳು. ಪುಸ್ತಕದ ಹೊದಿಕೆ, ಬಿಸ್ಕತ್ತಿನ ಪೊಟ್ಟಣ, ಮದುವೆಯ ಕರೆಯೋಲೆ, ಏನು ಸಿಕ್ಕಿದರೂ ಸರಿ. ಈ ಸಲ ಅವಳಿಗೆ ಹೊರದೇಶದ ಒಂದು ಕಂಪನಿಯಿಂದ ದೊಡ್ಡ ಕೆಲಸ ಬಂದಿತ್ತು. ಕೆರಿಬಿಯನ್ ದ್ವೀಪಗಳ ಆಫ್ರಿಕನ್ ಮೂಲದ ದೇವತೆಗಳನ್ನು ಇಟ್ಟುಕೊಂಡು ಒಂದು ಟ್ಯಾರೋ ಕಟ್ಟನ್ನು ರೂಪಿಸಿಕೊಡಬೇಕು. 78 ಚಿತ್ರ, ಆರು ತಿಂಗಳ ಗಡುವು. "ದೊಡ್ಡಮ್ಮ, ನೀವು ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವರು. ನನ್ನ ಕರಡು ಚಿತ್ರ ನೋಡಿ ತಪ್ಪು ಹೇಳಿ" ಎಂದು ಅವಳು ಕೇಳಿದಾಗ ನನ್ನ ಕೈ ತಾನಾಗಿಯೇ ಕೆಂಪು ಪೆನ್ನಿನ ಕಡೆ ಹೋಯಿತು. ಅಭ್ಯಾಸಬಲ!

ಟ್ಯಾರೋ ಎಂದರೇನೆಂದು ತಿಳಿಯದವರು ಗಾಬರಿಯಾಗಬೇಕಿಲ್ಲ. ತಾಲ್ಲೂಕು ಕಚೇರಿಯ ಮುಂದಿನ ಮರದ ಕೆಳಗೆ ಗಿಣಿಶಾಸ್ತ್ರದವನು ಕೂತಿರುತ್ತಿದ್ದುದನ್ನು ನೀವೂ ಕಂಡಿರುತ್ತೀರಿ. ಪಂಜರದಿಂದ ಬಂದ ಗಿಣಿ ಕಾರ್ಡೊಂದನ್ನು ಕೊಕ್ಕಿನಲ್ಲಿ ಎಳೆಯುತ್ತದೆ. ಅದರಲ್ಲಿ ರಾಮನಿದ್ದರೆ ಒಂದು ಫಲ, ಶನಿದೇವರಿದ್ದರೆ ಇನ್ನೊಂದು. ಇಲ್ಲಿ ಗಿಣಿಯ ಬದಲು ಕೇಳಲು ಬಂದವರೇ ಕಾರ್ಡು ಎಳೆಯುತ್ತಾರೆ, ಅಷ್ಟೆ. ಕಟ್ಟಿನಲ್ಲಿ 22 ದೊಡ್ಡ ಕಾರ್ಡುಗಳು: ಹುಚ್ಚ, ಮಾಂತ್ರಿಕ, ಮಹಾ ಪೂಜಾರಿಣಿ, ಸಾಮ್ರಾಜ್ಞಿ, ಪ್ರೇಮಿಗಳು, ಮರಣ, ಹೀಗೆ. ಉಳಿದ 56 ಚಿಕ್ಕವು. ಅವು ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಬಣ್ಣಗಳಲ್ಲಿ ಬರುತ್ತವೆ. ಇದೇನೋ ಈಜಿಪ್ಟಿನ ಪುರಾತನ ವಿದ್ಯೆಯೆಂದು ಈಗಲೂ ನಂಬುವವರಿದ್ದಾರೆ. ಅದು 1781ರಲ್ಲಿ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ಪಂಡಿತ ಹಬ್ಬಿಸಿದ ಮಾತು. ಅಸಲಿಗೆ ಟ್ಯಾರೋ 15ನೆಯ ಶತಮಾನದಲ್ಲಿ ಉತ್ತರ ಇಟಲಿಯ ಸಿರಿವಂತರ ಮನೆಗಳಲ್ಲಿ ಹುಟ್ಟಿದ ಆಟ. ಶಾಸ್ತ್ರವಾದದ್ದು ಮುನ್ನೂರು ವರ್ಷಗಳ ಮೇಲೆ. ಆದ್ದರಿಂದ ಅದರ ಪಾವಿತ್ರ್ಯ ಕೆಡುತ್ತದೆಂಬ ಭಯ ನನಗಿಲ್ಲ. ನನಗಿದ್ದ ಭಯ ಇನ್ನೊಂದು ಕಡೆಯದು.

ಸುಮಾಳ ಕರಡು ಚಿತ್ರಗಳಲ್ಲಿ ಮೊದಲು ಕಂಡದ್ದು ತಲೆಬುರುಡೆ, ಸೂಜಿ ಚುಚ್ಚಿದ ಗೊಂಬೆ, ಹಾವು, ಉರಿಯುವ ಪಂಜು. ಇವೆಲ್ಲ ಎಲ್ಲಿಂದ ಬಂದವು ಎಂದೆ. "ಸಿನಿಮಾದಿಂದ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಯಾವ ಸಿನಿಮಾ ಎಂದು ವಿಚಾರಿಸಿ, ಅದನ್ನೂ ಅವಳ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಕೂತು ನೋಡಿದೆವು. 1973ರ ಜೇಮ್ಸ್ ಬಾಂಡ್ ಚಿತ್ರ 'ಲಿವ್ ಅಂಡ್ ಲೆಟ್ ಡೈ'. ಕೆರಿಬಿಯನ್ನಿನ ಒಂದು ಕಾಲ್ಪನಿಕ ದ್ವೀಪ. ಕರಿಯ ಖಳನಾಯಕ. ಅವನಿಗೆ ಟ್ಯಾರೋ ನೋಡಿ ಭವಿಷ್ಯ ಹೇಳುವ ಬಿಳಿಯ ಹುಡುಗಿ. ಸುತ್ತ ವೂಡೂ ಕುಣಿತ. ಅವಳು ಕನ್ಯೆಯಾಗಿರುವವರೆಗೆ ಮಾತ್ರ ಅವಳ ವಿದ್ಯೆ ಉಳಿಯುತ್ತದಂತೆ! ನಮ್ಮ ನಾಯಕ ಏನು ಮಾಡುತ್ತಾನೆ ಗೊತ್ತೆ? ಬರೀ 'ಪ್ರೇಮಿಗಳು' ಕಾರ್ಡುಗಳನ್ನೇ ತುಂಬಿದ ಕಟ್ಟೊಂದನ್ನು ಅವಳ ಮುಂದಿಟ್ಟು, ಯಾವುದನ್ನು ಎಳೆದರೂ ಅದೇ ಬರುವಂತೆ ಮಾಡಿ ಮೋಸಗೊಳಿಸುತ್ತಾನೆ. ಇದನ್ನು ವಿನೋದವೆಂದು ತೋರಿಸಿದ್ದಾರೆ. ಆ ಚಿತ್ರಕ್ಕಾಗಿ ಸ್ಕಾಟ್ಲೆಂಡಿನ ಕಲಾವಿದ ಫರ್ಗಸ್ ಹಾಲ್ ಬರೆದ ಕಟ್ಟು ಆಮೇಲೆ ಮಾರುಕಟ್ಟೆಗೂ ಬಂತು. ಟ್ಯಾರೋ ಮತ್ತು ವೂಡೂ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಜನರ ತಲೆಯಲ್ಲಿ ಕೂರಿಸಿದ್ದರಲ್ಲಿ ಈ ಸಿನಿಮಾದ ಪಾಲು ದೊಡ್ಡದು.

"ಇದನ್ನೇ ಶ್ರದ್ಧೆಯಿಂದ ಮಾಡಿದವರು ಯಾರೂ ಇಲ್ಲವೆ?" ಎಂದು ಕೇಳಿದಾಗ ಅವಳು ಮೇಜಿನ ಮೇಲೆ ಹರಡಿದ್ದ ಕಾರ್ಡುಗಳನ್ನು ನನ್ನ ಕಡೆ ತಳ್ಳಿದಳು. ಅದು 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ನ್ಯೂ ಆರ್ಲಿಯನ್ಸ್ ವೂಡೂ ಟ್ಯಾರೋ'. ಬರಹ ಲೂಯಿ ಮಾರ್ಟಿನಿಯೆ ಅವರದು, ಚಿತ್ರ ಸ್ಯಾಲಿ ಆ್ಯನ್ ಗ್ಲಾಸ್‌ಮನ್ ಅವರದು. ಅವಳು ಹೊತ್ತು ತಂದಿದ್ದ ಎರಡು ಮೂರು ಪುಸ್ತಕಗಳೊಡನೆ ಅದನ್ನು ನನ್ನ ಬಳಿಯೇ ಬಿಟ್ಟುಹೋಗಲು ಹೇಳಿದೆ. ಹದಿನೈದು ದಿನ ಸಂಜೆ ಉತ್ತರಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಅದನ್ನೇ ನೋಡಿದೆ. ಈ ಲೇಖನ ಆ ಹದಿನೈದು ಸಂಜೆಗಳದು.

ಕಾರ್ಡಿನ ಮಾತಿಗೆ ಮೊದಲು ಕಾರ್ಡಿನೊಳಗೆ ಇರುವವರ ಮಾತು. ಹೈಟಿ ಎಂಬ ಚಿಕ್ಕ ದೇಶ ಫ್ರಾನ್ಸಿನ ವಸಾಹತಾಗಿತ್ತು. ಸಕ್ಕರೆ, ಕಾಫಿ ಬೆಳೆಯಲು ಆಫ್ರಿಕದಿಂದ ಜನರನ್ನು ಹಿಡಿದು ತಂದರು. ತಂದವರಿಗೆಲ್ಲ ಕ್ಯಾಥೊಲಿಕ್ ದೀಕ್ಷೆ ಕೊಡಬೇಕೆಂದು 1685ರ ಕಾನೂನು. ಹೀಗೆ ಬಂದವರು ಒಂದೇ ಊರಿನವರಲ್ಲ, ಒಂದೇ ಭಾಷೆಯವರಲ್ಲ. ಅವರವರ ದೇವರು ಅವರವರ ನೆನಪಿನಲ್ಲಿ ಮಾತ್ರ. ಆ ನೆನಪುಗಳೆಲ್ಲ ಕೂಡಿಕೊಂಡು ಆದದ್ದು ವೂಡೂ. 1791ರ ಆಗಸ್ಟಿನಲ್ಲಿ ಬ್ವಾ ಕೈಮಾನ್ ಎಂಬಲ್ಲಿ ರಾತ್ರಿ ಪೂಜೆ ಮಾಡಿಯೇ ಗುಲಾಮರು ದಂಗೆ ಎದ್ದರೆಂದು ಅಲ್ಲಿಯವರು ಇಂದಿಗೂ ಸ್ಮರಿಸುತ್ತಾರೆ. 1804ರ ಜನವರಿ 1ರಂದು ದೇಶ ಸ್ವತಂತ್ರವಾಯಿತು. ಗುಲಾಮರೇ ಗೆದ್ದು ಕಟ್ಟಿದ ದೇಶ! ಆದರೂ ಈ ಧರ್ಮಕ್ಕೆ ನೆಮ್ಮದಿಯಿರಲಿಲ್ಲ. 1940ರ ದಶಕದ ಆರಂಭದಲ್ಲಿ ಮೂಢನಂಬಿಕೆ ನಿರ್ಮೂಲನೆಯ ಹೆಸರಿನಲ್ಲಿ ಪೂಜೆಯ ಮದ್ದಳೆಗಳನ್ನು ರಾಶಿ ಹಾಕಿ ಸುಟ್ಟರು. ಸರ್ಕಾರ ಇದನ್ನು ಧರ್ಮವೆಂದು ಒಪ್ಪಿಕೊಂಡದ್ದು 2003ರಲ್ಲಿ.

ಅಲ್ಲಿಯ ದೇವತೆಗಳನ್ನು ಲ್ವಾ ಎನ್ನುತ್ತಾರೆ. ಯಾವ ಪೂಜೆಯಾದರೂ ಮೊದಲ ಮಣೆ ಲೆಗ್ಬಾನಿಗೆ. ಊರುಗೋಲು ಹಿಡಿದ ಮುದುಕ, ದಾರಿ ಕೂಡುವಲ್ಲಿ ಇರುವವನು, ಅವನು ಬಾಗಿಲು ತೆರೆದರೆ ಮಾತ್ರ ಉಳಿದವರು ಬರುವುದು. ನಮಗೆ ಗಣಪತಿಯನ್ನು ವಿವರಿಸಬೇಕಿಲ್ಲವಾದ್ದರಿಂದ ಲೆಗ್ಬಾನನ್ನೂ ಹೆಚ್ಚು ವಿವರಿಸಬೇಕಿಲ್ಲ. ಲ್ವಾ ಬಂದು ಭಕ್ತರ ಮೈದುಂಬುತ್ತಾನೆ. ಮೈದುಂಬಿಸಿಕೊಂಡವರನ್ನು ಲ್ವಾನ ಕುದುರೆ ಎನ್ನುತ್ತಾರೆ. ಎಜಿಲಿ ಎಂಬ ದೇವಿಯರು ಇದ್ದಾರೆ. ಬಹುವಚನವೇ ಸರಿ. ಎಜಿಲಿ ಫ್ರೆಡಾ ಎಂಬವಳಿಗೆ ಅತ್ತರು, ಕನ್ನಡಿ, ರೇಷ್ಮೆ, ಸಿಹಿ ಎಂದರೆ ಪ್ರಾಣ. ಎಷ್ಟು ಕೊಟ್ಟರೂ ಸಾಲದೆ ಕೊನೆಗೆ ಅಳುತ್ತಾಳೆ. ಎಜಿಲಿ ದಾಂತೋರ್ ಎಂಬವಳು ದುಡಿಯುವ ತಾಯಿ, ಕಪ್ಪು ಮೈ, ಕೆನ್ನೆಯ ಮೇಲೆ ಗಾಯದ ಗೆರೆ. ಮಕ್ಕಳ ತಂಟೆಗೆ ಬಂದವರನ್ನು ಬಿಡುವವಳಲ್ಲ. ಇಬ್ಬರಿಗೂ ಆಗದು. ಒಬ್ಬಳು ಹೆಂಗಸು ಹೇಗಿರಬಯಸುತ್ತಾಳೋ ಅದು, ಇನ್ನೊಬ್ಬಳು ಹೇಗಿರಬೇಕಾಗಿ ಬಂದಿದೆಯೋ ಅದು ಎಂದು ನನಗನ್ನಿಸಿತು. ಕರೆನ್ ಮೆಕಾರ್ಥಿ ಬ್ರೌನ್ ಎಂಬ ವಿದುಷಿ ಅಮೆರಿಕದ ಬ್ರೂಕ್ಲಿನ್ನಿನಲ್ಲಿ ನೆಲೆಸಿದ್ದ ಹೈಟಿಯ ಪೂಜಾರಿಣಿಯೊಬ್ಬಳ ಬಗ್ಗೆ 1991ರಲ್ಲಿ ಬರೆದ 'ಮಾಮಾ ಲೋಲಾ' ಎಂಬ ಪುಸ್ತಕದಲ್ಲಿ ಈ ದೇವಿಯರು ಬಾಡಿಗೆ, ಮಕ್ಕಳ ಶಾಲೆ, ಗಂಡಸರ ಕಾಟದ ನಡುವೆಯೇ ಬಂದುಹೋಗುತ್ತಾರೆ. ಮಾಮಾ ಲೋಲಾ ಕೂಡ ಕಾರ್ಡು ನೋಡಿ ಹೇಳುವವಳೇ. ಆದರೆ ಟ್ಯಾರೋ ಅಲ್ಲ, ನಮ್ಮ ನಿಮ್ಮ ಮನೆಯ ಸಾಮಾನ್ಯ ಇಸ್ಪೀಟು! ಇದನ್ನು ಓದಿದ ರಾತ್ರಿ ನಾನು ಬಹಳ ನಕ್ಕೆ. ಇಷ್ಟೆಲ್ಲ ಚಿತ್ರ ಬರೆದು ಕೊಡಲು ಹೊರಟವರ ದೇವತೆಯರು ಆಟಿನ್ ರಾಣಿಯಲ್ಲೇ ಸುಖವಾಗಿದ್ದಾರೆ.

ಇನ್ನೊಂದು ಸಂಗತಿ ನನ್ನ ತೀರ್ಪನ್ನು ಬಹಳ ತೊಡಕಾಗಿಸಿತು. ದೀಕ್ಷೆ ಕೊಟ್ಟ ಪಾದ್ರಿಗಳು ಸಂತರ ಅಚ್ಚಿನ ಪಟಗಳನ್ನೂ ತಂದರಷ್ಟೆ. ಭಕ್ತರು ಆ ಪಟಗಳಲ್ಲಿ ತಮ್ಮವರನ್ನು ಗುರುತಿಸಿಕೊಂಡರು. ಕಾಲಡಿ ಹಾವುಗಳಿರುವ ಸಂತ ಪ್ಯಾಟ್ರಿಕ್ ಸರ್ಪದೇವತೆ ದಾಂಬಲ್ಲಾ ಆದ. ಸ್ವರ್ಗದ ಬೀಗದ ಕೈ ಹಿಡಿದ ಸಂತ ಪೀಟರ್ ಲೆಗ್ಬಾ ಆದ. ಪೋಲೆಂಡಿನ ಚೆನ್ಸ್ಟೊಹೋವಾ ಊರಿನ ಕಪ್ಪು ಮೇರಿಮಾತೆಯ ಕೆನ್ನೆಯ ಮೇಲೆ ಗಾಯದ ಗೆರೆಗಳಿವೆ. ಅವಳು ದಾಂತೋರ್ ಆದಳು. ರವಿವರ್ಮನ ಪಟಕ್ಕೆ ಕಟ್ಟು ಹಾಕಿಸಿ ದೇವರ ಮನೆಯಲ್ಲಿಟ್ಟ ನಮಗೆ ಇದು ಅರ್ಥವಾಗದ್ದಲ್ಲ. ಅಂದಮೇಲೆ, ಪರರ ಚಿತ್ರದ ಚೌಕಟ್ಟಿನಲ್ಲಿ ತಮ್ಮ ದೇವರನ್ನು ಕೂರಿಸುವುದು ಈ ಸಂಪ್ರದಾಯದ ಹುಟ್ಟುಗುಣ. ಟ್ಯಾರೋ ಚೌಕಟ್ಟಿನಲ್ಲಿ ಕೂರಿಸಿದರೆ ತಪ್ಪೇನು ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳಲಾಗುವುದಿಲ್ಲ. ಆದರೂ ಒಂದು ವ್ಯತ್ಯಾಸ ಇದೆ. ಬೆನ್ನ ಮೇಲೆ ಚಾಟಿಯಿದ್ದವರು ತಮ್ಮ ದೇವರನ್ನು ಉಳಿಸಿಕೊಳ್ಳಲು ಪಟ ಎರವಲು ಪಡೆದರು. ಅಂಗಡಿಯವರು ಪಡೆಯುವ ಎರವಲಿಗೆ ಅಂಥ ಒತ್ತಾಯವೇನಿದೆ?

ಈಗ 1992ರ ಕಟ್ಟಿಗೆ ಬರುತ್ತೇನೆ. ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಹೈಟಿಯ ದಂಗೆಯ ಕಾಲದಲ್ಲಿ ದೇಶ ಬಿಟ್ಟು ಕ್ಯೂಬಾ ಸೇರಿದ್ದವರು 1809ರಲ್ಲಿ ಸಾವಿರಾರು ಸಂಖ್ಯೆಯಲ್ಲಿ ನ್ಯೂ ಆರ್ಲಿಯನ್ಸಿಗೆ ಬಂದರು. ಆ ಊರಿನ ವೂಡೂವಿಗೆ ಅವರಿಂದ ಬಲ ಬಂತು. ಈ ಕಟ್ಟು ಆ ಊರನ್ನು ಮರೆಯುವುದಿಲ್ಲ. ಮಹಾ ಪೂಜಾರಿಣಿಯ ಜಾಗದಲ್ಲಿ ಇಲ್ಲಿರುವವಳು ಮರಿ ಲಾವೋ. 1801ರಿಂದ 1881ರವರೆಗೆ ನಿಜವಾಗಿ ಬದುಕಿದ್ದ ಹೆಂಗಸು. ಗುಲಾಮಳಲ್ಲದ ಕಪ್ಪು ವಂಶದವಳು. ಸಿರಿವಂತರ ಮನೆಗಳಿಗೆ ಹೋಗಿ ಹೆಂಗಸರ ತಲೆ ಬಾಚಿ ಕಟ್ಟುತ್ತಿದ್ದಳೆಂದೂ, ಹಳದಿ ಜ್ವರ ಬಂದವರ ಆರೈಕೆ ಮಾಡಿದಳೆಂದೂ, ಗಲ್ಲಿಗೆ ಹೋಗುವವರನ್ನು ಸೆರೆಮನೆಗೆ ಹೋಗಿ ಕಾಣುತ್ತಿದ್ದಳೆಂದೂ ಊರು ಹೇಳುತ್ತದೆ. ಹಳೆಯ ಟ್ಯಾರೋದ ಪೂಜಾರಿಣಿ ಎರಡು ಕಂಬಗಳ ನಡುವೆ ಮೂಕಳಂತೆ ಕೂತಿರುತ್ತಾಳೆ. ಆ ಜಾಗಕ್ಕೆ ಮನೆ ಮನೆಯ ಗುಟ್ಟು ತಿಳಿದಿದ್ದ, ಕೈಯಲ್ಲಿ ಬಾಚಣಿಗೆ ಹಿಡಿದಿದ್ದ ಇವಳು ಬಂದದ್ದು ನನಗೆ ಬಹಳ ಹಿಡಿಸಿತು. ಮಾಂತ್ರಿಕನ ಜಾಗದಲ್ಲಿ ಡಾಕ್ಟರ್ ಜಾನ್. ಅವನೂ ಆ ಊರಿನಲ್ಲಿ ಬಾಳಿದವನು. ಪ್ರೇಮಿಗಳ ಜಾಗದಲ್ಲಿ ಮರಾಸಾ ಎಂಬ ಅವಳಿ ಮಕ್ಕಳು. ಗಂಡು ಹೆಣ್ಣಿನ ಪ್ರೇಮದ ಜಾಗಕ್ಕೆ ಎಳೆಯ ದೇವಮಕ್ಕಳನ್ನು ತಂದದ್ದು ಧೈರ್ಯದ ಕೆಲಸ. ಇಬ್ಬರು ಒಂದಾಗುವುದಕ್ಕೆ ಮದುವೆಯೊಂದೇ ದಾರಿಯೆ ಎಂದು ಆ ಕಾರ್ಡು ಕೇಳಿದಂತಿತ್ತು. 78 ಸಾಲದೆ ಮಸಣದ ಒಡೆಯರಾದ ಬ್ಯಾರನ್‌ಗಳಿಗೆಂದು 79ನೆಯ ಕಾರ್ಡೊಂದನ್ನೂ ಸೇರಿಸಿದ್ದಾರೆ. ಅವರು ಎಲ್ಲಿ ಬೇಕಾದರೂ ನುಗ್ಗುವವರಾದ್ದರಿಂದ ಲೆಕ್ಕದ ಹೊರಗೆ ಕೂರಿಸಿದ್ದು ಸರಿಯೇ.

ಚಿಕ್ಕ ಕಾರ್ಡುಗಳಿಗೆ ಬಂದಾಗ ಮಾತ್ರ ನನ್ನ ಕೆಂಪು ಪೆನ್ನು ಎದ್ದಿತು. ನಾಲ್ಕು ಬಣ್ಣಗಳಿಗೆ ಪೆತ್ರೊ, ಕಾಂಗೊ, ರಾದಾ, ಸಾಂತೆರಿಯಾ ಎಂದು ಹೆಸರಿಟ್ಟು, ಅವುಗಳಿಗೆ ಕ್ರಮವಾಗಿ ಬೆಂಕಿ, ನೀರು, ಗಾಳಿ, ಮಣ್ಣು ಎಂದು ಹಂಚಿದ್ದಾರೆ. ಹೈಟಿಯಲ್ಲಿ ರಾದಾ ಎಂದರೆ ತಂಪು ಸ್ವಭಾವದ ಲ್ವಾಗಳು, ಪೆತ್ರೊ ಎಂದರೆ ಉಗ್ರ ಸ್ವಭಾವದವರು. ಪೆತ್ರೊಗೆ ಬೆಂಕಿ ಎಂಬುದೇನೋ ಹೊಂದುತ್ತದೆ. ಆದರೆ ಅಲ್ಲಿ ಇನ್ನೂ ಹಲವು ಕುಲಗಳಿವೆ: ನಾಗೊ, ಇಬೊ, ಗೇದೆ. ಯೂರೋಪಿನ ಆಟದಲ್ಲಿ ನಾಲ್ಕೇ ಮನೆ ಇರುವುದರಿಂದ ಉಳಿದವರು ಮನೆಯಿಲ್ಲದವರಾದರು.

ಸಾಂತೆರಿಯಾದ ಕಥೆ ಇನ್ನೂ ಬೇಸರದ್ದು. ಅದು ಹೈಟಿಯದೇ ಅಲ್ಲ, ಕ್ಯೂಬಾದ್ದು. ಯೊರುಬಾ ಜನರ ದೇವತೆಗಳಾದ ಒರಿಶಾಗಳದು. ಅವರಿಗೆ ತಮ್ಮದೇ ಆದ ಶಾಸ್ತ್ರ ಹೇಳುವ ವಿದ್ಯೆ ಇದೆ. 16 ಕವಡೆಗಳನ್ನು ಎಸೆದು, ಎಷ್ಟು ಬಾಯಿ ಮೇಲಾಗಿ ಬಿದ್ದವೆಂದು ನೋಡಿ ಹೇಳುವುದು ಒಂದು. ಕವಡೆ! ಚೌಕಾಬಾರದಲ್ಲೂ ಕವಡೆ ಶಾಸ್ತ್ರದಲ್ಲೂ ಕೈ ಪಳಗಿದ ನಮಗೆ ಇದು ಎಷ್ಟು ಹತ್ತಿರ ನೋಡಿ. ಇನ್ನೊಂದು ಇಫಾ ಎಂಬ ದೊಡ್ಡ ವಿದ್ಯೆ. ಅದರಲ್ಲಿ 16ನ್ನು 16ರಿಂದ ಗುಣಿಸಿದ 256 ಸಂಕೇತಗಳು, ಒಂದೊಂದಕ್ಕೂ ಬಾಯಿಪಾಠದ ಹಾಡುಗಬ್ಬಗಳು. ಕಲಿಯಲು ವರ್ಷಗಟ್ಟಲೆ ಬೇಕು. ನೈಜೀರಿಯದ ಇಫಾ ಪದ್ಧತಿಯನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು. ಇಂಥ 256 ಕೋಣೆಗಳ ಅರಮನೆಯವರನ್ನು ಕರೆತಂದು ಹದಿನಾಲ್ಕು ಕಾರ್ಡುಗಳ ಹೊರಕೋಣೆಯಲ್ಲಿ ಕೂರಿಸಿದರೆ? ನಮ್ಮ ಶಾಲೆಯ ವೇಳಾಪಟ್ಟಿಯ ನೆನಪಾಯಿತು. ಗಣಿತ, ವಿಜ್ಞಾನಕ್ಕೆ ಜಾಗ ಕೊಟ್ಟು ಉಳಿದರೆ ಶುಕ್ರವಾರದ ಕಡೆಯ ಪೀರಿಯಡ್ಡು ಸಂಗೀತಕ್ಕೆ. ಸಂಗೀತವೂ ಇದೆಯಲ್ಲ ಎಂದು ತಪಾಸಣೆಗೆ ಬಂದವರಿಗೆ ತೋರಿಸಬಹುದು.

ಕಲಾವಿದೆ ಗ್ಲಾಸ್‌ಮನ್ ಅವರ ಬಗ್ಗೆಯೂ ಒಂದು ಮಾತು. ಅವರು ಹೈಟಿಯವರಲ್ಲ, ಅಮೆರಿಕದ ಮೇಯ್ನ್ ರಾಜ್ಯದ ಯಹೂದಿ ಮನೆತನದವರು. ಕಟ್ಟು ಪ್ರಕಟವಾದ ಮೂರು ವರ್ಷಗಳ ಮೇಲೆ, 1995ರಲ್ಲಿ, ಹೈಟಿಗೆ ಹೋಗಿ ಪೂಜಾರಿಣಿಯ ದೀಕ್ಷೆ ಪಡೆದರು. ಮೊದಲು ಚಿತ್ರ, ಆಮೇಲೆ ದೀಕ್ಷೆ. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ಬರೆಯುತ್ತ ಬರೆಯುತ್ತ ಇಷ್ಟು ಸಾಲದೆಂದು ಅನ್ನಿಸದಿದ್ದರೆ ಯಾರೂ ಅಷ್ಟು ದೂರ ಹೋಗುವುದಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಿತು, ಕಟ್ಟಿನ ಮೇಲೆ ಸ್ವಲ್ಪ ಕಡಿಮೆಯಾಯಿತು.

ದೇವರನ್ನು ಕಾರ್ಡಿನಲ್ಲಿ ಬರೆಯುವುದೇ ಅಪಚಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಮೈಸೂರಿನಲ್ಲೇ ಗಂಜೀಫಾ ಇಲ್ಲವೆ? ದಶಾವತಾರದ ಗಂಜೀಫಾದಲ್ಲಿ 120 ದುಂಡು ಎಲೆಗಳು. ಹತ್ತು ಅವತಾರಗಳಿಗೆ ಹತ್ತು ಬಣ್ಣ, ಒಂದೊಂದರಲ್ಲಿ ರಾಜ, ಮಂತ್ರಿ ಮತ್ತು ಹತ್ತು ಅಂಕಿಯ ಎಲೆಗಳು. ಮತ್ಸ್ಯನಿಗೆ ಮೀನು, ಕೂರ್ಮನಿಗೆ ಆಮೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಗಂಜೀಫಾ ಆಟಗಳನ್ನೇ ಕಟ್ಟಿ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಸೇರಿಸಿದರು. ಆದರೆ ಗಮನಿಸಿ: ಅವತಾರ ಹತ್ತಾದ್ದರಿಂದ ಬಣ್ಣ ಹತ್ತಾಯಿತು. ನಾಲ್ಕೇ ಬಣ್ಣ ಇದೆಯೆಂದು ವರಾಹ, ವಾಮನರನ್ನು ಹೊರಗೆ ನಿಲ್ಲಿಸಲಿಲ್ಲ. ಆಟ ದೇವರಿಗೆ ತಕ್ಕಂತೆ ಬಾಗಿತು. ಕೆರಿಬಿಯನ್ ಟ್ಯಾರೋದಲ್ಲಿ ದೇವರು ಆಟಕ್ಕೆ ತಕ್ಕಂತೆ ಬಾಗಬೇಕು. ಅಲ್ಲಿಯವರೇ ಕೂತು, ಲ್ವಾಗಳ ಲೆಕ್ಕದಲ್ಲೇ ಒಂದು ಕಟ್ಟು ಮಾಡಿದರೆ ಅದರಲ್ಲಿ ಎಷ್ಟು ಎಲೆಗಳಿರುತ್ತಿದ್ದವೋ! ಖಂಡಿತ 78 ಅಲ್ಲ.

ಸುಮಾ ಎರಡನೆಯ ಸಲ ಬಂದಾಗ ಈ ಅಳತೆಗೋಲನ್ನು ಅವಳ ಚಿತ್ರಗಳ ಮೇಲಿಟ್ಟೆ. ಸಾಮ್ರಾಜ್ಞಿಯ ಜಾಗದಲ್ಲಿ ಎಜಿಲಿಯನ್ನು ಬರೆದಿದ್ದಳು. ಕೈಯಲ್ಲಿ ಅತ್ತರಿನ ಶೀಷೆ, ಕೆನ್ನೆಯ ಮೇಲೆ ಗಾಯದ ಗೆರೆ. ಇಬ್ಬರು ಸವತಿಯರನ್ನು ಒಂದೇ ದೇಹಕ್ಕೆ ಹೊಲಿದಿದ್ದಳು! "ಒಂದೇ ಸೀಟು ಇರೋದು ದೊಡ್ಡಮ್ಮ" ಎಂದಳು. ಹಾಗಾದರೆ ಯಾರಾದರೂ ಒಬ್ಬಳನ್ನು ಕೂರಿಸು, ಇನ್ನೊಬ್ಬಳಿಗೆ ಬೇರೆ ಕಡೆ ಜಾಗ ನೋಡು ಎಂದೆ. ಕಾರ್ಡುಗಳ ಬೆನ್ನಿಗೆಲ್ಲ ವೆವೆ ಎಂಬ ನಕ್ಷೆಯನ್ನು ಹೊಂಬಣ್ಣದಲ್ಲಿ ತುಂಬಿದ್ದಳು. ನೋಡಲು ಅದು ಬಹಳ ಚೆನ್ನಾಗಿಯೇ ಇತ್ತು. ಆದರೆ ವೆವೆ ಎಂದರೆ ಬಳ್ಳಿ ಅಂಚಲ್ಲ. ಪೂಜೆಯ ಮಂಟಪದ ನಡುಗಂಬದ ಸುತ್ತ, ಮುಸುಕಿನ ಜೋಳದ ಹಿಟ್ಟನ್ನು ಬೆರಳಿನ ಸಂದಿಯಿಂದ ಬಿಡುತ್ತ ನೆಲದ ಮೇಲೆ ಎಳೆಯುವ ನಕ್ಷೆ. ಒಬ್ಬೊಬ್ಬ ಲ್ವಾಗೆ ಒಂದೊಂದು. ಅದು ಅವರನ್ನು ಕರೆಯುವ ಕರೆ. ಆಮೇಲೆ ಅದರ ಮೇಲೆಯೇ ಕುಣಿಯುತ್ತಾರೆ, ಕಾಲಿನಿಂದಲೇ ಅಳಿಸಿಹೋಗುತ್ತದೆ. ಬೆಳಿಗ್ಗೆ ಹಾಕಿದ ರಂಗೋಲಿ ಸಂಜೆಗೆ ಉಳಿಯಬಾರದೆಂದು ತಿಳಿದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕೆ? ಕಾರ್ಡಿನ ಬೆನ್ನ ಮೇಲೆ ಒಂದೇ ವೆವೆಯನ್ನು 78 ಸಲ ಅಚ್ಚು ಹಾಕಿದರೆ, ಒಬ್ಬರನ್ನೇ 78 ಸಲ ಕೂಗಿ ಕರೆದು, ಬಂದವರಿಗೆ ಮಣೆ ಹಾಕದೆ ಕೂತಂತೆ.

ಇಷ್ಟು ಕಟುವಾಗಿ ಏಕೆ ಹೇಳಿದೆನೆಂದು ಆಮೇಲೆ ಯೋಚಿಸಿದೆ. ಕಾರಣ ನನ್ನ ಟ್ರಂಕಿನಲ್ಲಿತ್ತು.

ನನ್ನ ಸೋದರತ್ತೆಗೆ, ಪುಟ್ಟತ್ತೆ ಎನ್ನುತ್ತಿದ್ದೆವು, ಊರ ಜಾತ್ರೆಯಲ್ಲಿ ಚೌಡಮ್ಮ ಮೈಮೇಲೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಮಾರುವ, ಎತ್ತರದ ದನಿಯಲ್ಲಿ ಮಾತನ್ನೂ ಆಡದ ಹೆಂಗಸು. ಜಾತ್ರೆಯ ದಿನ ಮಾತ್ರ ಊರ ಗೌಡರೂ ಅವಳ ಮುಂದೆ ಕೈಕಟ್ಟಿ ನಿಲ್ಲಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಪಟ್ಟಣದಿಂದ ಯಾರೋ ಬಂದು ಫೋಟೋ ತೆಗೆದರು. ಮಾರನೆಯ ವರ್ಷ ಒಂದು ಕಂಪನಿಯ ಗೋಡೆ ಕ್ಯಾಲೆಂಡರಿನ ಆಗಸ್ಟ್ ಪುಟದಲ್ಲಿ ಪುಟ್ಟತ್ತೆ ಇದ್ದಳು. ಕೆದರಿದ ಕೂದಲು, ಹಣೆ ತುಂಬ ಭಂಡಾರ, ಬಾಯಲ್ಲಿ ಬೇವು. ನಮ್ಮ ಅಣ್ಣ ಎಲ್ಲಿಂದಲೋ ತಂದು ತೋರಿಸಿದ. ಪುಟ್ಟತ್ತೆಗೆ ಓದು ಬಾರದು. ಬಹಳ ಹೊತ್ತು ನೋಡಿ, "ಕೆಳಗೇನು ಬರೆದವ್ರೆ, ಓದವ್ವ" ಎಂದಳು. 'ಗ್ರಾಮೀಣ ಮಹಿಳೆ' ಎಂದು ಇಂಗ್ಲಿಷಿನಲ್ಲಿತ್ತು. ಹೇಳಿದೆ. "ಅಮ್ಮನ ಹೆಸರೂ ಇಲ್ವಾ?" ಎಂದಳು. ತನ್ನ ಹೆಸರನ್ನು ಅವಳು ಕೇಳಲೇ ಇಲ್ಲ, ಚೌಡಮ್ಮನದನ್ನು ಕೇಳಿದಳು. ಮರುವರ್ಷದ ಜಾತ್ರೆಯಲ್ಲಿ, ಕ್ಯಾಮೆರಾದವರು ಯಾರಾದರೂ ಇದ್ದಾರೇನೋ ನೋಡು ಎಂದು ನನ್ನನ್ನು ಗುಡಿಯ ಹೊರಗೆ ನಿಲ್ಲಿಸಿದಳು. ಅಂದು ಅಮ್ಮ ಬರಲು ಬಹಳ ತಡವಾಯಿತು.

ಈ ಮಾಪನದಲ್ಲಿ ನೋಡಿದರೆ 1992ರ ಕಟ್ಟು ಪಾಸಾಗುತ್ತದೆ. ಹೆಸರುಗಳನ್ನು ಅದು ನುಂಗಲಿಲ್ಲ. ಮರಿ ಲಾವೋ ಮರಿ ಲಾವೋ ಆಗಿಯೇ ಇದ್ದಾಳೆ, ಮರಾಸಾ ಮರಾಸಾ ಆಗಿಯೇ. ಸೋತದ್ದು ಮನೆ ಹಂಚುವಲ್ಲಿ.

ಹೆಸರಿನ ಮಾತು ಬಂದಾಗ ಇನ್ನೊಬ್ಬಳನ್ನು ನೆನೆಯದೆ ಇರಲಾರೆ. ಇಂದು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಬಳಸುವ, ಎಲ್ಲ ಹೊಸ ಕಟ್ಟುಗಳಿಗೂ ಮಾದರಿಯಾದ ಟ್ಯಾರೋ 1909ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಪ್ರಕಾಶಕ ರೈಡರ್, ಯೋಜಿಸಿದ ಪಂಡಿತ ವೇಟ್. ಆದ್ದರಿಂದ ಬಹುಕಾಲ ಅದರ ಹೆಸರು 'ರೈಡರ್ ವೇಟ್'. ಚಿತ್ರಗಳನ್ನೆಲ್ಲ ಬರೆದವಳು ಪಮೆಲಾ ಕೋಲ್‌ಮನ್ ಸ್ಮಿತ್. ಬಾಲ್ಯದ ಕೆಲವು ವರ್ಷಗಳನ್ನು ಅವಳು ಕಳೆದದ್ದು ಕೆರಿಬಿಯನ್ನಿನ ಜಮೈಕಾದಲ್ಲಿ! ಪಶ್ಚಿಮ ಆಫ್ರಿಕದಿಂದ ಗುಲಾಮರ ಜೊತೆ ಹಡಗಿನಲ್ಲಿ ಬಂದ ಅನಾನ್ಸಿ ಎಂಬ ಜೇಡನ ಕಥೆಗಳನ್ನು ಅಲ್ಲಿ ಕೇಳಿ ಬೆಳೆದಳು. 1899ರಲ್ಲಿ ಆ ಕಥೆಗಳ ಪುಸ್ತಕ ತಂದಳು. ಲಂಡನ್ನಿನ ಮನೆಗಳಲ್ಲಿ ಮರದ ಗೊಂಬೆಗಳನ್ನಿಟ್ಟುಕೊಂಡು ಜಮೈಕಾದ ಆಡುಮಾತಿನಲ್ಲೇ ಹೇಳಿ ತೋರಿಸುತ್ತಿದ್ದಳು. ಅದುವರೆಗಿನ ಕಟ್ಟುಗಳಲ್ಲಿ ಚಿಕ್ಕ ಕಾರ್ಡುಗಳೆಂದರೆ ಸಾಮಾನ್ಯವಾಗಿ ಮೂರು ಬಟ್ಟಲು, ಐದು ಕತ್ತಿ ಎಂದು ಬರೀ ಎಣಿಕೆ. ಇವಳು ಒಂದೊಂದರಲ್ಲೂ ಮನುಷ್ಯರನ್ನು ನಿಲ್ಲಿಸಿ ಕಥೆಯಾಗಿಸಿದಳು. ಅನಾನ್ಸಿ ಕಥೆ ಹೇಳಿ ಪಳಗಿದ ಕೈಗೆ ಅದು ಸಹಜವಾಗಿ ಬಂದಿರಬೇಕೆಂದು ನನ್ನ ಊಹೆ. ಹಾಗಾದರೆ ಕೆರಿಬಿಯನ್ ಟ್ಯಾರೋದೊಳಗೆ ಬಂದದ್ದು 1992ರಲ್ಲಲ್ಲ, ಎಂಬತ್ತು ವರ್ಷ ಮೊದಲೇ. ಬಾಗಿಲಲ್ಲಿ ಹೆಸರು ಕೂಗಲಿಲ್ಲ, ಅಷ್ಟೆ.

ದೊಡ್ಡ ಕೆಲಸ, ಕಾಸು ಬಹಳ ಕಡಿಮೆ ಎಂದು ಆ ವರ್ಷವೇ ಅವಳು ನ್ಯೂಯಾರ್ಕಿನ ಸ್ಟೀಗ್ಲಿಟ್ಸ್ ಅವರಿಗೆ ಕಾಗದ ಬರೆದಳು. ಮಾರಾಟದಲ್ಲಿ ಪಾಲಿರಲಿಲ್ಲ. 1951ರಲ್ಲಿ ಕಾರ್ನ್‌ವಾಲ್ ಪ್ರಾಂತದ ಬ್ಯೂಡ್ ಎಂಬ ಕಡಲೂರಿನಲ್ಲಿ ಸಾಲದಲ್ಲೇ ತೀರಿಕೊಂಡಳು. ಡಬ್ಬಿಯ ಮೇಲೆ ಇಲ್ಲದ ಅವಳ ಹೆಸರು ಕಾರ್ಡುಗಳ ಮೂಲೆಯಲ್ಲಿ ಮಾತ್ರ ಇತ್ತು: ಮೊದಲಕ್ಷರಗಳನ್ನು ಬಳ್ಳಿಯಂತೆ ಹೆಣೆದ ಒಂದು ಪುಟ್ಟ ಗುರುತು.

"ನಿನ್ನ ಹೆಸರು ಡಬ್ಬಿಯ ಮೇಲೆ ಬರುತ್ತದೇನೆ?" ಎಂದು ಸುಮಾಳನ್ನು ಕೇಳಿದೆ. ಅವಳು ಕರಾರುಪತ್ರ ತೆರೆದು ಓದಿದಳು. ಒಟ್ಟು ಮೊತ್ತ ಇಷ್ಟು, ಹಕ್ಕುಗಳೆಲ್ಲ ಕಂಪನಿಗೆ, ಹೆಸರಿನ ಸುದ್ದಿಯೇ ಇಲ್ಲ. ನೂರು ವರ್ಷ ದಾಟಿದರೂ ವಾಕ್ಯ ಬದಲಾಗಿಲ್ಲ! ಅವಳು ಮೂರು ಬೇಡಿಕೆಗಳನ್ನು ಬರೆದು ಕಳಿಸಿದಳು. ವೆವೆ ಕಾರ್ಡಿನ ಬೆನ್ನ ಮೇಲೆ ಬರಬಾರದು. ಪ್ರತಿ ದೇವತೆಯ ಹೆಸರು, ಊರು, ಕುಲ ಚಿತ್ರದ ಕೆಳಗೆ ಇರಬೇಕು. ಚಿತ್ರಕಾರಳ ಹೆಸರು ಡಬ್ಬಿಯ ಮೇಲೆ ಇರಬೇಕು.

ಕಳೆದ ವಾರ ಫೋನು ಮಾಡಿದ್ದಳು. ಮೊದಲ ಎರಡಕ್ಕೆ ಒಪ್ಪಿದ್ದಾರಂತೆ. ಮೂರನೆಯದಕ್ಕೆ, ಅದು ತಮ್ಮ ಸಂಸ್ಥೆಯ ಪದ್ಧತಿಯಲ್ಲ ಎಂದರಂತೆ. "ಸಹಿ ಹಾಕಿಬಿಟ್ಟೆ ದೊಡ್ಡಮ್ಮ. ಮನೆಯ ಅಡ್ವಾನ್ಸ್ ಕಟ್ಟಬೇಕಿತ್ತು" ಎಂದಳು. ನಾನು ಬಯ್ಯಲಿಲ್ಲ. ನಾಲ್ಕು ತಿಂಗಳಾದರೂ ಸಂಬಳವಾಗದ ಖಾಸಗಿ ಶಾಲೆಯಲ್ಲಿ ಎಂಟು ವರ್ಷ ದುಡಿದವಳು ನಾನು. ಸಹಿ ಎಂದರೇನೆಂದು ನನಗೆ ಗೊತ್ತು.

"ಈಗ ಯಾವುದು ಬರೀತಾ ಇದೀಯ?" ಎಂದೆ.

"ದಾಂತೋರ್. ಅವಳಿಗೆ ಬಟ್ಟಲಿನ ರಾಣಿ ಜಾಗ ಕೊಟ್ಟಿದೀನಿ, ಆದ್ರೆ ಕೈಯಲ್ಲಿ ಬಟ್ಟಲು ನಿಲ್ತಾನೇ ಇಲ್ಲ. ಕತ್ತಿಗೆ ಬದಲಾಯಿಸ್ಲಾ ಅಂತ ಕೇಳೋಕೆ ಫೋನ್ ಮಾಡಿದ್ದು."